ಕಡಲಿನ ಪುಟ ಹಾರಿಸಿದ್ದು

ಹಳೆ ಕಾವ್ಯ ಓದುವಾಗ
ಸಮುದ್ರದ ವರ್ಣನೆ ಬಂದ್ರ ನಾನು ಹಾರಿಸ್ತಿದ್ದೆ.
ಹದಿನೆಂಟು ವರ್ಣನೆ ಇರಲೇಬೇಕಂತ ಕಟ್ಟಳೆ:
ಪಟ್ಟಣ, ಬೆಟ್ಟ, ಚಂದ್ರ, ಆರು ಋತು, ಕಡಲು.
ಶಹಾಬಾದಿನಾಗ ಋತು ಎರಡೂವರೆ.
ಕಡಲು ಕಂಡವರು ನಮ್ಮ ಓಣ್ಯಾಗ ಒಬ್ಬರೇ,
ಹಜ್‌ಗೆ ಹೋಗಿಬಂದ ಮಶಾಕ್ ಸಾಬರ ಚಾಚಿ,
ಅದೂ ವಿಮಾನದಿಂದ, ಅರ್ಧ ನಿದ್ದ್ಯಾಗ.

ಕಲ್ಲಿನ ಪಾಲಿಶ್ ಮಷೀನಿನ ಮಗ್ಗಲಿಗೆ ನನ್ನ ಮೇಜು.
ಇಷ್ಟು ಫೂಟು, ಇಷ್ಟು ದಪ್ಪ, ಇಂಥ ಲಾರಿ, ಇಂಥ ಊರು,
ಹತ್ತೊಂಬತ್ತು ವರ್ಷ ಇದನ್ನೇ ಬರದೀನಿ.
ಕರೆಂಟ್ ಹೋದಾಗ ಮಷೀನು ನಿಂತು
ಕಿವಿಯೊಳಗ ಒಮ್ಮೆಲೇ ಬಯಲು ಬಿಚ್ಚತದ.
ಆಗ ಮೇಜಿನ ಖಾನೆ ಎಳೆದು ಪುಸ್ತಕ ತೆಗಿತೀನಿ.

ಹೊಸ ಕಾದಂಬರಿಗಳು ಮೊದಲು ಸೇರಿದವು.
ಅದರಾಗಿನ ಹೆಂಗಸರು ನನ್ನಂಗ
ಬಸ್ಸಿನ ಚಿಲ್ಲರೆ ಲೆಕ್ಕ ಹಾಕ್ತಾರ,
ಸಿಟ್ಟು ಬಂದ್ರ ಪಾತ್ರಿ ಮ್ಯಾಲ ತೀರಿಸ್ಕೊಳ್ತಾರ.
"ಹೌದ್ ನೋಡವ್ವ" ಅಂದೀನಿ ಎಷ್ಟೋ ಸಲ, ಗಟ್ಟಿಯಾಗೇ.
ಆದ್ರ ಒಂದು ಮಾತು, ಸಣ್ಣದು:
ಅವು ನನಗ ಗೊತ್ತಿದ್ದದ್ದನ್ನೇ ಭಾಳ ಸಲ ಹೇಳ್ತಾವ.
ಮುಗಿಸಿ ಇಟ್ಟ ಮ್ಯಾಲ
ಹೆಸರು ನೆನಪಿರ್ತದ, ಸಾಲು ನೆನಪಿರಂಗಿಲ್ಲ.
(ಎಲ್ಲಾ ಹಂಗಲ್ಲ. ಒಂದರಾಗ ಒಬ್ಬಾಕಿ
ಇಡೀ ಮನಿಗೆ ನೀರು ತುಂಬಿಟ್ಟು, ತಾನು ಬಾಯಾರಿ ಮಲಗ್ತಾಳ.
ಆ ಪುಟ ನಾನು ಇನ್ನೂ ದಾಟಿಲ್ಲ.)

ಹಳಗನ್ನಡ ಕಲಿಸಿದವರು ಚೆನ್ನಮಲ್ಲಪ್ಪ ಮಾಸ್ತರು,
ಎಂಟು ಶನಿವಾರ, ಫೀಸಿಲ್ಲದೆ, ಎರಡು ಕಪ್ ಚಾದ ಮ್ಯಾಲ.
"ಒಡೀಬೇಕು ತಂಗಿ, ಪದ ಒಡದ್ರ ಅರ್ಥ ಬೀಳ್ತದ."
ನಾನು ಒಡದೆ. ಚೂರಾಯ್ತು.
ೞ ಅಂಬೋ ಅಕ್ಷರಕ್ಕ ನಾಲಿಗಿ ಎಲ್ಲಿಡಬೇಕೋ ತಿಳೀಲಿಲ್ಲ.
ಮಾಸ್ತರಿಗೂ ತಿಳೀತಿರಲಿಲ್ಲ. "ಹೆಂಗಿತ್ತೋ ಯಾರು ಬಲ್ಲರು,
ಕೇಳಿದ ಕಿವಿ ಒಂದೂ ಉಳಿದಿಲ್ಲ" ಅಂದ್ರು.
ಅಂದು ಅವರ ಮ್ಯಾಲ ಬಂದ ಮಮತಿ
ನನಗ ಯಾವ ಕವಿ ಮ್ಯಾಲೂ ಬಂದಿಲ್ಲ.

ಮಶಾಕ್ ಸಾಬರಿಗೆ ಕನ್ನಡ ಓದಲಿಕ್ಕೆ ಬರಂಗಿಲ್ಲ.
ಉಳಿ ಇಡೋ ಮೊದಲು ಕಲ್ಲಿಗೆ ಬೆರಳ ಗೆಣ್ಣಿಲೆ ಬಡೀತಾರ,
ಬಾಗಿಲು ಬಡದಂಗ, ಒಳಗ ಯಾರೋ ಇದ್ದಂಗ.
ಸಪ್ಪಳ ಕೇಳಿ, ಎಲ್ಲಿ ಪದರು ಬಿಡ್ತದ ಹೇಳ್ತಾರ.
ಎರಡೇ ಏಟು. ಪರಸಿ ಹಾಳಿ ಹಂಗ ಏಳ್ತದ.

ಹೋದ ಮಾಘದಾಗ ಒಂದು ಪರಸಿ ಬಿಚ್ಚಿದಾಗ
ಒಳಮೈ ತುಂಬ ಸಣ್ಣ ಸಣ್ಣ ಮಡಿಕಿ,
ಒಗದು ಹಿಂಡಿ ಹರವಿದ ಬಟ್ಟಿ ಹಂಗ.
"ಗಿರಾಕಿ ಒಲ್ಲೆ ಅಂತಾನ, ಪಾಲಿಶ್ ಕೂಡಂಗಿಲ್ಲ" ಅಂದೆ.
ಅವತ್ತು ಕಲ್ಲು ನೋಡಲಿಕ್ಕೆ ಬಂದಿದ್ದ ಹುಡುಗಿ,
ಕಾಲೇಜಿನಾಕಿ, ಮೊಣಕಾಲೂರಿ ಕುಂತು
ಅಂಗೈ ಅದರ ಮ್ಯಾಲ ಇಟ್ಟಳು. "ಇವು ತೆರಿ ಅಕ್ಕಾ.
ಇದೆಲ್ಲ ಕಡಲಿನ ತಳ. ನಿಮ್ಮೂರು, ಸೇಡಂ, ವಾಡಿ, ಎಲ್ಲಾ."
ಎಷ್ಟು ವರ್ಷ ಆಯ್ತವ್ವ ಅಂತ ಕೇಳಿದೆ.
ಆಕಿ ಹೇಳಿದ ಅಂಕಿ ನನ್ನ ಲೆಜರಿನ ಗೆರಿಯೊಳಗ ಹಿಡಿಯಂಗಿಲ್ಲ.

ರಾತ್ರಿ ಮನ್ಯಾಗ ಹಾರಿಸಿದ ಪುಟ ಹುಡುಕಿದೆ.
ಬಿಚ್ಚದ ಹಾಳಿ, ಅಂಚು ಒಂದಕ್ಕೊಂದು ಅಂಟಿತ್ತು.
ಬ್ಲೇಡಿಲೆ ಬಿಡಿಸಿದೆ, ಹಗೂರಕ.
ಕುಂತಿದ್ದು ಪರಸಿ ಮ್ಯಾಲೇ,
ಕಾಲಿಗೆ ತಣ್ಣಗ ಹತ್ತತಿತ್ತು.
ಆ ಕವಿಯೂ ಬಹುಶಃ ಕಡಲು ಕಂಡಿರಲಿಲ್ಲ,
ಕಟ್ಟಳೆಗಂತ ಬರದಿರಬೇಕು, ದಣದು,
ಎಣ್ಣಿ ತೀರಲಿಕ್ಕೆ ಬಂದ ದೀಪದಾಗ.
ಹತ್ತು ಪದ್ಯದಾಗ ಎಂಟು ಬರೇ ಸದ್ದು, ಬರೇ ಉಬ್ಬು.
ಒಂಬತ್ತನೇದರಾಗ ಮಾತ್ರ
ನೀರು ಹಿಂದಕ್ಕ ಸರಿಯೋ ಒಂದು ಸಾಲು ಅದ,
ಅದರಾಗ ಎರಡು ೞ.

ಮುಂಜಾನೆ ಮಶಾಕ್ ಸಾಬರಿಗೆ ಓದಿದೆ.
ಅರ್ಥ ಹೇಳೂ ಮೊದಲೇ ಕೈ ಎತ್ತಿದರು:
"ತಡೀ ತಡೀ. ಇನ್ನೊಮ್ಮೆ. ಅಲ್ಲೇ, ನಡುವ, ಜರಾ ಟೊಳ್ಳದ."
ಇನ್ನೊಮ್ಮೆ ಓದಿದೆ. ಕರೆಂಟ್ ಬಂತು.
ಮಡಿಕಿ ಬಿದ್ದ ಆ ಪರಸಿ ಯಾರೂ ಒಯ್ದಿಲ್ಲ,
ಕೈ ತೊಳೆಯೋ ನಳದ ಬುಡಕ್ಕ ಹಾಕೀವಿ.
ಲೆಜರಿನಾಗ ಬರದೀನಿ:
ಒಂದು ನಗ, ಎರಡು ಬೈ ಎರಡು, ಮಾರಾಟಕ್ಕಿಲ್ಲ.